ತಂಬೂರಿಯೊಳಗಿನ ಗಾಂಧಾರ

(ಧಾರವಾಡದಾಗ ಸಂಗೀತ ಕಲಿಯೂ ಹುಡುಗ್ರ ಮುಂದ, ಹೊಸದಾಗಿ ಹಾಡಿಗೆ ರಾಗ ಹಾಕಾಕ ಸುರು ಮಾಡಿದವ್ರ ಮುಂದ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ಬರದೇನಿ.)

ಮದಲ ಆ ಫ್ಯಾನ್ ಬಂದ್ ಮಾಡ್ರಿ, ಒಂದೈದು ನಿಮಿಷ ಸೆಕಿ ಆದ್ರೂ ನಡೀತೈತಿ. ಇಲ್ಲೆ ನನ್ನ ಮುಂದ ತಂಬೂರಿ ಐತಿ, ನಾಕು ತಂತಿ, ನಾಕೂ ಮೀಟೂದಿಲ್ಲ. ಕಡೀದು ದಪ್ಪ ಹಿತ್ತಾಳಿ ತಂತಿ ಐತೆಲ್ಲಾ, ಖರ್ಜದ್ದು, ಅಂದ್ರ ಎಲ್ಲಕ್ಕಿಂತ ಕೆಳಗಿನ ಷಡ್ಜದ್ದು, ಅದನ್ನಷ್ಟ ಮೀಟತೇನಿ. ಕಣ್ಣು ಮುಚ್ಚಿ ಕೇಳ್ರಿ.

ಏನು ಕೇಳಿಸ್ತು? ಷಡ್ಜ ಅಂತೀರಿ, ಅಂದ್ರ ಸ, ಹೌದು. ಈಗ ಇನ್ನೊಮ್ಮೆ ಮೀಟತೇನಿ, ಮೀಟಿದ ಕೂಡ್ಲೆ ಬರೂ ದನಿ ಬಿಟ್ಟಬಿಡ್ರಿ, ಅದರ ಹಿಂದ ಏನು ಏಳತೈತಿ ಅದನ್ನ ಹಿಡೀರಿ. ಅಲ್ಲೆ ಹಿಂದ ಕುಂತ ತಂಗಿ ಕೈ ಎತ್ತಿದ್ಲು, ಗಾಂಧಾರ ಅಂತಾಳ, ಅಂದ್ರ ಗ. ಅಗದೀ ಬರೋಬ್ಬರಿ. ಶುದ್ಧ ಗಾಂಧಾರ, ಬಾಜೂ ಮನ್ಯಾಗ ಯಾರೋ ಸಣ್ಣ ದನೀಲೆ ಹಾಡಿಧಂಗ. ಈ ನಾಕು ತಂತ್ಯಾಗ ಒಂದನ್ನೂ ನಾನು ಗಾಂಧಾರಕ್ಕ ಕೂಡಿಸಿಲ್ಲ. ಒಂದು ಪಂಚಮ, ಜೋಡಿ ಅನ್ನೂ ಎರಡು ಷಡ್ಜ, ಒಂದು ಖರ್ಜ, ಅಷ್ಟ. ಮತ್ತ ಈ ಗಾಂಧಾರ ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲಾ ಈ ಒಂದು ಪ್ರಶ್ನೆ ಮ್ಯಾಲೆ ನಿಂತೈತಿ, ಯಾಕಂದ್ರ ಹಾಡು ಕಟ್ಟಾಂವಗ ತಾನು ಸ್ವರ ಹಚ್ಚೂಕ್ಕಿಂತ ಮದಲ ಆ ಜಾಗಾದಾಗ ಏನೇನು ನಾದ ಆಗಲೇ ಐತಿ ಅನ್ನೂದು ಕೇಳಿಸಬೇಕು ಅಂತ ನನಗ ಭಾಳ ಅನಸತೈತಿ.

ನಾನು ಕಾಲೇಜಿನ್ಯಾಗ ಫಿಸಿಕ್ಸ್ ಕಲಿಸಿದಾಂವ. ಹಗಲಿ ಕ್ಲಾಸು, ಸಂಜೀಕ ಗುರುಗಳ ಮನಿ. ಗುರುಗಳು ಗ್ವಾಡಿಗೆ ಆನಿಸಿ ಕುಂತು "ತಂಬೂರಿ ಇನ್ನಾ ಗಾಂಧಾರ ಹೇಳಾಕತ್ತಿಲ್ಲ ನೋಡಪಾ, ಸ್ವಲ್ಪ ಕೂಡಸು" ಅಂತಿದ್ರು. ಎರಡು ವರ್ಷ ನಾನು ಅದನ್ನ ಒಂದು ಮಾತಿನ ರೀತಿ ಅಂತ ತಿಳಕೊಂಡಿದ್ದೆ, ದೊಡ್ಡಾವ್ರು ಹಂಗ ಅಂತಾರ ಅಂತ. ಆಮ್ಯಾಲೆ ಒಂದಿನ ಲ್ಯಾಬಿನ್ಯಾಗ ಸೋನೋಮೀಟರ್ ಪ್ರಯೋಗ ಮಾಡಸಾಕತ್ತಿದ್ದೆ, ನಿಮಗ ಗೊತ್ತಿರಬೇಕು, ಕಟಗಿ ಪೆಟ್ಟಿಗಿ ಮ್ಯಾಲೆ ಒಂದು ತಂತಿ, ತುದಿಗೆ ತೂಕ, ತಂತಿ ಮ್ಯಾಲೆ ಮಡಚಿದ ಸಣ್ಣ ಕಾಗದ ಕುಂಡ್ರಿಸಿ ಟ್ಯೂನಿಂಗ್ ಫೋರ್ಕ್ ಹಚ್ಚಿದ್ರ ಕಾಗದ ಜಿಗದು ಬೀಳತೈತಿ. ಪ್ರಯೋಗ ಮುಗದು ಹುಡುಗ್ರು ಹ್ವಾದ ಮ್ಯಾಲೆ ನಾನೊಬ್ಬನ ಕುಂತು ಆ ತಂತಿ ಜೋಡಿ ಆಟ ಆಡಿದೆ. ಅರ್ಧಕ್ಕ ಬೆರಳು ಹಗೂರಕ ಮುಟ್ಟಿಸಿ ಮೀಟಿದ್ರ ಮ್ಯಾಲಿನ ಷಡ್ಜ. ಮೂರರಾಗ ಒಂದು ಪಾಲಿಗೆ ಮುಟ್ಟಿಸಿದ್ರ ಪಂಚಮ. ಐದರಾಗ ಒಂದು ಪಾಲಿಗೆ ಮುಟ್ಟಿಸಿದೆ, ಟಣ್ ಅಂತ ಗಾಂಧಾರ ಬಂತು. ಗುರುಗಳು ಹೇಳಿದ್ದು ಅಕ್ಷರಶಃ ಖರೇನ ಇತ್ತು. ಅವತ್ತು ಸಂಜೀಕ ಅವರ ಮುಂದ ತಂಬೂರಿ ಹಿಡದು ಕುಂತಾಗ ನನ್ನ ಕಿವಿ ಬ್ಯಾರೆ ಆಗಿತ್ತು.

ಲೆಕ್ಕ ಸರಳ ಐತಿ, ಒಂದು ಸಲ ಹೇಳಿಬಿಡತೇನಿ. ನಮ್ಮ ಖರ್ಜ ಸೆಕೆಂಡಿಗೆ 70 ಸಲ ಅಲಗತೈತಿ ಅಂತ ಇಟಗೋರಿ, ಕಾಳಿ ಒಂದರಾಗ, ಅಂದ್ರ ಹಾರ್ಮೋನಿಯಂನ ಮದಲನೇ ಕರೇ ಪಟ್ಟಿ ಷಡ್ಜ ಮಾಡಿಕೊಂಡು, ಹಾಡೂ ಗಂಡಸ್ರ ತಂಬೂರಿ ಹೆಚ್ಚೂ ಕಡಿಮಿ ಅಷ್ಟ ಇರತೈತಿ. ಆದ್ರ ತಂತಿ ಬರೇ 70 ಅಲಗೂದಿಲ್ಲ, ಅದ ಹೊತ್ತಿಗೆ ಎರಡು ತುಂಡಾಗಿ 140, ಮೂರು ತುಂಡಾಗಿ 210, ನಾಕಾಗಿ 280, ಐದಾಗಿ 350, ಹಿಂಗ ಮ್ಯಾಲೆ ಮ್ಯಾಲೆ ಹೊಂಟಿರತೈತಿ. ಇವಕ್ಕ ಹಾರ್ಮೋನಿಕ್ ಅಂತಾರ. 140, 280 ಷಡ್ಜ. 210 ಪಂಚಮ. 350 ಆ ಗಾಂಧಾರ, ನಮ್ಮವ್ರು ಅದನ್ನ ಸ್ವಯಂಭೂ ಗಾಂಧಾರ ಅಂತಾರ, ತಾನ ಹುಟ್ಟಿದ್ದು ಅಂತ, ಹೆಸರು ಎಷ್ಟು ಚಂದ ಇಟ್ಟಾರ ನೋಡ್ರಿ.

ಈಗ ಪಂಚಮದ ತಂತಿ ತಗೋರಿ. ಅದು 105. ಅದರ ಮೂರನೇದು 315, ಅದು ರಿಷಭ. ಐದನೇದು 525, ಶುದ್ಧ ನಿಷಾದ. ಅಂದ್ರ ನಾನು ಷಡ್ಜ ಪಂಚಮ ಎರಡ ಕೂಡಿಸಿ ಬಿಟ್ರೂ ಈ ಕ್ವಾಣ್ಯಾಗ ರಿಷಭ, ಗಾಂಧಾರ, ನಿಷಾದ ತಾವ ಬಂದು ಕುಂತಾವ. ಈಗ ಯಮನ್ ರಾಗ ನೆನಸ್ರಿ. ಯಮನ್ ಕಲಿಯಾಕ ಕುಂತ ಮದಲನೇ ದಿನಾನ ನಿಮಗ ಏನು ಹೇಳಿಕೊಟ್ರು? ನಿ ರೆ ಗ. ಷಡ್ಜ ಬಿಟ್ಟು, ಪಂಚಮ ಬಿಟ್ಟು, ನಿ ರೆ ಗ. ಬೆರಳು ಮೀಟಿ ಎಬ್ಬಿಸಿದ ಸ್ವರ ಎರಡೂ ಬಿಟ್ಟು, ತಂಬೂರಿ ತಾನ ಹಡದ ಮೂರೂ ಸ್ವರದ ಮ್ಯಾಲೆ ಕಾಲಿಟಗೋಂತ ಹೋಗೂ ನಡಿಗಿ ಅದು! ಯಾರೋ ಕುಂತು ಲೆಕ್ಕ ಹಾಕಿ ಈ ರಾಗ ಕಟ್ಟಿದ್ರು ಅಂತ ನಾ ಹೇಳೂದಿಲ್ಲ. ಆದ್ರ ತಲಿಮಾರಿಗಟ್ಲೆ ಕಿವಿ ತಂಬೂರಿ ಬಗಲಾಗ ಕುಂತು ಕುಂತು, ಯಾವ ಸ್ವರ ಹಚ್ಚಿದ್ರ ತಂಬೂರಿ ಹೌದು ಅಂತೈತಿ ಅನ್ನೂದನ್ನ ಹಿಡಕೊಂಡಿರತೈತಿ ಅನ್ನೂದು ನನ್ನ ನಂಬಿಕಿ. ಯಮನದಾಗ ತಂಬೂರಿ ಸುಲಭಕ್ಕ ಕೊಡದ ಸ್ವರ ಅಂದ್ರ ತೀವ್ರ ಮಧ್ಯಮ, ಧೈವತ. ಮಧ್ಯಮ ಬಂದಾಗ ಒಂದು ಬ್ಯಾರೆ ಬೆಳಕು ಬಿದ್ದಂಗ ಆಗತೈತೆಲ್ಲಾ, ಅದು ಹೊರಗಿಂದ ಬಂದ ಅತಿಥಿ, ಅದಕ್ಕ ಎಲ್ಲಾರೂ ತಿರಗಿ ನೋಡತಾರ. ಇದಕ್ಕ ಉಲ್ಟಾ ರಾಗಾನೂ ಅದಾವ, ಅವನ್ನ ಕಡೀಕ ಹೇಳತೇನಿ.

ಒಂದು ಸಂಶಯ ಬರಬೇಕು ನಿಮಗ. ಎಲ್ಲಾ ತಂತಿಗೂ ಹಾರ್ಮೋನಿಕ್ ಇರತಾವ, ಮತ್ತ ಗಿಟಾರ್ ತಂತಿ ಮೀಟಿದ್ರ ಯಾಕ ಹಿಂಗ ಗಾಂಧಾರ ಕೇಳೂದಿಲ್ಲ? ಅಲ್ಲೂ ಇರತೈತಿ, ಲಗೂನ ಸಾಯತೈತಿ. ತಂಬೂರಿ ಗುಟ್ಟು ಕುದರ್ಯಾಗ ಐತಿ, ಅಂದ್ರ ಬುರುಡಿ ಮ್ಯಾಲೆ ತಂತಿಗೆ ಆಸರ ಕೊಡೂ ತುಂಡಿನ್ಯಾಗ. ಹತ್ರ ಬಂದು ನೋಡ್ರಿ, ಕುದರಿ ಮ್ಯಾಲಿನ ಭಾಗ ಚಾಕೂ ಅಲಗಿನಂಗ ಚೂಪಿಲ್ಲ, ಅಗಲ ಐತಿ, ಸನ್ನಕ ಇಳಕಲು ಐತಿ. ತಂತಿ ಅಲಗೂವಾಗ ಆ ಇಳಕಲಿಗೆ ಸವರಿ ಸವರಿ ಹೋಗತೈತಿ, ಮುಟ್ಟೂ ಜಾಗಾ ಹಿಂದ ಮುಂದ ಸರದಾಡತೈತಿ, ಆ ಸವರಾಟದಿಂದ ಕೆಳಗಿನ ದನಿಯ ಶಕ್ತಿ ಮ್ಯಾಲಿನ ಹಾರ್ಮೋನಿಕ್‌ಗಳಿಗೆ ಹೋಗಿ ಸೇರತಾ ಇರತೈತಿ. ತಂತಿ ಕೆಳಗ ಈ ಎಳಿ ಇಟ್ಟೇನೆಲ್ಲಾ, ಬರೇ ಹತ್ತಿ ದಾರ, ಇದು ತಂತೀನ ಕೂದಲೆಳಿಯಷ್ಟು ಎತ್ತತೈತಿ, ಸವರಾಟ ಹದಕ್ಕ ಬರಲಿ ಅಂತ. ಇದನ್ನ ಜವಾರಿ ಅಂತಾರ. ನಮ್ಮ ಕಡೆ ಜವಾರಿ ಅಂದ್ರ ಜವಾರಿ ಬೀಜ, ಜವಾರಿ ಮೆಣಸಿನಕಾಯಿ ನೆನಪಾಗತಾವ, ಆ ಮಾತು ಬ್ಯಾರೆ, ಆದ್ರ ನನಗ ಎರಡೂ ಕೂಡೇ ನೆನಪಾಗತಾವ.

ಇದನ್ನ ಮದಲ ವಿಜ್ಞಾನದ ಕಣ್ಣೀಲೆ ನೋಡಿದವ್ರು ಸಿ.ವಿ. ರಾಮನ್. ಬೆಳಕಿನ ಕೆಲಸಕ್ಕ 1930ರಾಗ ನೊಬೆಲ್ ಬಂತು ಅಂತ ಎಲ್ಲಾರಿಗೂ ಗೊತ್ತು, ಅದಕ್ಕಿಂತ ಮದಲ ಕೊಲ್ಕತ್ತಾದಾಗ ವರ್ಷಗಟ್ಲೆ ಅವರು ವಾದ್ಯಗಳ ಮ್ಯಾಲೆ ಕುಂತಿದ್ರು ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. 1921ರಾಗ ವೀಣಾ, ತಂಬೂರಿ ಕುರಿತು ಬರದ್ರು. ಅಲ್ಲಿತನಾ ಒಂದು ನಿಯಮ ಇತ್ತು, ಯಂಗ್ ಮತ್ತ ಹೆಲ್ಮ್‌ಹೋಲ್ಟ್ಸ್ ಹೆಸರಿಲೆ, ತಂತೀನ ಬರೋಬ್ಬರಿ ನಡು ಮೀಟಿದ್ರ ಎರಡನೇ, ನಾಕನೇ, ಆರನೇ ಹಾರ್ಮೋನಿಕ್ ಬರೂದ ಇಲ್ಲ, ಯಾಕಂದ್ರ ಆ ಜಾಗಾ ಅವು ಅಲಗದೇ ನಿಲ್ಲೂ ಜಾಗಾ. ತಂಬೂರಿ ಈ ನಿಯಮ ಕೇಳೂದಿಲ್ಲ, ಬರಬಾರದ ಹಾರ್ಮೋನಿಕ್ಕೂ ಜೋರಾಗಿ ಬರತಾವ ಅಂತ ರಾಮನ್ ತೋರಿಸಿದ್ರು, ಕಾರಣ ಈ ಕುದರಿ ಅಂದ್ರು. ಮಿರಜದಾಗ ತಂಬೂರಿ ಮಾಡೂ ಮಂದಿ ಅರಾ ಹಿಡದು ಕುದರಿ ತಿಕ್ಕತಾರ, ತಿಕ್ಕೂದು, ಮೀಟೂದು, ಕಿವಿ ಕೊಡೂದು, ಮತ್ತ ತಿಕ್ಕೂದು. ಸೂತ್ರ ಇಲ್ಲದ ಅದನ್ನ ಸಾಧಿಸಿದ್ರಲ್ಲ, ಅವರ ಬಗ್ಗೆ ನನಗ ಭಾಳ ಗೌರವ ಐತಿ.

ಪೇಟಿ, ಅಂದ್ರ ಹಾರ್ಮೋನಿಯಂ, ಅದರ ಮಾತು ಬಂದ ಬರತೈತಿ. ಪೇಟಿ ಮ್ಯಾಲೆ ನನಗೇನೂ ಸಿಟ್ಟಿಲ್ಲ, ನಾನೂ ನುಡಸತೇನಿ. ಆದ್ರ ಪೇಟಿ ಗಾಂಧಾರ ಮತ್ತ ತಂಬೂರಿ ಗಾಂಧಾರ ಒಂದ ಅಲ್ಲ. ಪೇಟ್ಯಾಗ ಸಪ್ತಕಾನ ಹನ್ನೆರಡು ಸಮಪಾಲು ಮಾಡಿರತಾರ, ಯಾವ ಪಟ್ಟಿಯಿಂದಾದ್ರೂ ಹಾಡು ಸುರು ಮಾಡಾಕ ಬರಲಿ ಅಂತ. ಹಂಗ ಮಾಡಿದ್ರ 280ರ ಷಡ್ಜಕ್ಕ ಗಾಂಧಾರ 352.8 ಬರತೈತಿ. ತಂಬೂರೀದು 350. ಎರಡೂ ಕೂಡೇ ನುಡದಾಗ ಸೆಕೆಂಡಿಗೆ ಸುಮಾರು ಮೂರು ಸಲ ವಂವ್ ವಂವ್ ಅಂತ ಅಲಗತೈತಿ. 210ರ ಪಂಚಮದಾಗ ಈ ತ್ರಾಸಿಲ್ಲ, ಅಲ್ಲೆ ಫರಕು ಎಷ್ಟು ಸಣ್ಣದಂದ್ರ ನಾಕು ಸೆಕೆಂಡಿಗೊಮ್ಮೆ ಅಲಗಿದ್ರ ಅಲಗೀತು. 1940ರಾಗ ಆಕಾಶವಾಣಿಯವ್ರು ಪೇಟಿ ನಿಷೇಧ ಮಾಡಿದ್ರು, 1971ರತನಾ ಅದು ನಡೀತು. ನಮ್ಮ ಧಾರವಾಡ ಕೇಂದ್ರ ಸುರು ಆಗಿದ್ದು 1950ರಾಗ, ಅಂದ್ರ ನಿಷೇಧದ ನಡುಮಧ್ಯದಾಗ. ನಿಷೇಧ ಮಾಡಿದ್ದು ಸರಿ ಅಂತ ನನಗ ಅನಸೂದಿಲ್ಲ, ನಮ್ಮ ಹಳ್ಳಿ ಭಜನಿ, ನಾಟಕ ಎಲ್ಲಾ ಪೇಟಿ ಮ್ಯಾಲೆ ಬದುಕ್ಯಾವ. ಆದ್ರ ಪೇಟಿ ಮ್ಯಾಲೆ ಕುಂತು ರಾಗ ಹಾಕೂ ಹುಡುಗ್ರು ಒಂದು ಗೊತ್ತಿಟಗೋಬೇಕು, ಕೈ ಪಟ್ಟಿ ಮ್ಯಾಲೆ ಇದ್ದಾಗ ಮೀಂಡ, ಅಂದ್ರ ಸ್ವರದಿಂದ ಸ್ವರಕ್ಕ ಜಾರಿಕೋಂತ ಹೋಗೂದು, ತಲ್ಯಾಗ ಬರೂದಿಲ್ಲ, ಹಾಡು ಮೆಟ್ಲ ಮೆಟ್ಲ ಆಗಿ ಹುಟ್ಟತೈತಿ. ಅದ ಹಾಡನ್ನ ತಂಬೂರಿ ಮುಂದ ಕುಂತು ಕಟ್ಟಿದ್ರ ಬ್ಯಾರೆ ಹುಟ್ಟತೈತಿ. ಎರಡೂ ಮಾಡಿ ನೋಡ್ರಿ, ನಿಮಗ ತಿಳೀತೈತಿ.

ನಮ್ಮ ಭಾಗದ ಗಾಯಕಿ, ಅಂದ್ರ ಹಾಡೂ ರೀತಿ, ಯಾಕ ಹಿಂಗ ಬೆಳೀತು ಅನ್ನೂದಕ್ಕೂ ಇದರಾಗ ಒಂದು ಉತ್ತರ ಐತಿ ಅಂತ ನನಗ ಕಾಣತೈತಿ. ಅಬ್ದುಲ್ ಕರೀಂ ಖಾನ್ ಸಾಹೇಬ್ರ ಹತ್ರ ಕುಂದಗೋಳದ ಸವಾಯಿ ಗಂಧರ್ವರು ಕಲತ್ರು, ಅವರ ಹತ್ರ ಗಂಗೂಬಾಯಿ ಹಾನಗಲ್ ಅವ್ರು, ಭೀಮಸೇನ ಜೋಶಿ ಅವ್ರು ಕಲತ್ರು. ಇವರೆಲ್ಲಾರದು ಕಿರಾಣಾ ಗಾಯಕಿ, ಅಂದ್ರ ಒಂದೊಂದ ಸ್ವರ ಹಿಡದು ಬಡತ್, ರಾಗಾನ ಸಾವಕಾಶ ಬೆಳಸೂದು, ಅರ್ಧಾ ತಾಸು ಆದ್ರೂ ಮ್ಯಾಲಿನ ಷಡ್ಜಕ್ಕ ಹೋಗಿರೂದಿಲ್ಲ. ಒಂದು ಗಾಂಧಾರದ ಮ್ಯಾಲೆ ಅಷ್ಟೊತ್ತು ನಿಂದ್ರಬೇಕಂದ್ರ ಕಾಲ ಕೆಳಗ ನೆಲ ಇರಬೇಕು, ಆ ನೆಲ ತಂಬೂರಿ ಕೊಡತೈತಿ. ನಿಮ್ಮ ಗಾಂಧಾರ 350ಕ್ಕ ಹೋಗಿ ಕುಂತ ಗಳಿಗಿ ತಂಬೂರಿಯೊಳಗಿನ ಗಾಂಧಾರ ಅದರಾಗ ಕೂಡಿಬಿಡತೈತಿ, ಅಲುಗಾಟ ನಿಂದರತೈತಿ, ದನಿ ಒಮ್ಮೆಲೆ ದೊಡ್ಡದಾದಂಗ ಆಗತೈತಿ. ಕೇಳೂ ಮಂದಿ "ಆಹಾ" ಅನ್ನೂದು ಆ ಗಳಿಗೀಗೆ.

ಚರ್ಮವಾದ್ಯದ ಮಾತು ಸ್ವಲ್ಪ. ಹೋಳಿ ಹುಣ್ವಿಗೆ ಹಲಗಿ ಬಾರಸೂ ಮುಂದ ಬೆಂಕಿಗೆ ಹಿಡೀತಾರ, ಚರ್ಮ ಒಣಗಿ ಬಿಗಿ ಆಗತೈತಿ, ದನಿ ಏರತೈತಿ. ಆದ್ರೂ ಹಲಗಿಗೆ ಇಂಥಾದ್ದ ಸ್ವರ ಅಂತ ಹೇಳಾಕ ಬರೂದಿಲ್ಲ. ಯಾಕಂದ್ರ ಬರೇ ಚರ್ಮ ಅಲಗೂವಾಗ ಅದರ ದನಿಗಳು ಒಂದು, ಎರಡು, ಮೂರು ಅಂತ ಸಾಲಾಗಿ ಬರೂದಿಲ್ಲ, 1, 1.59, 2.14, 2.30 ಹಿಂಗ ಅಡ್ಡಾದಿಡ್ಡಿ ಬರತಾವ. ತಬಲಾದ ನಡುವ ಕರೇ ಶಾಯಿ ಹಚ್ಚತಾರೆಲ್ಲಾ, ಅದು ನಡುಭಾಗಕ್ಕ ತೂಕ ಕೊಟ್ಟು ಆ ಅಡ್ಡಾದಿಡ್ಡಿ ದನಿಗಳನ್ನ ಸಾಲಿಗೆ ತರತೈತಿ. ರಾಮನ್ ಅವ್ರು 1920ರಾಗ ಒಂದು ಸಲ, 1934ರಾಗ ಇನ್ನೂ ವಿಸ್ತಾರ ಮಾಡಿ ಇದನ್ನ ತೋರಿಸಿದ್ರು, ಚರ್ಮದ ಮ್ಯಾಲೆ ಸಣ್ಣ ಉಸುಕು ಉದುರಿಸಿ, ಅದು ಎಲ್ಲೆಲ್ಲೆ ಗೆರಿ ಆಗಿ ನಿಂದರತೈತಿ ನೋಡಿ. ಮನ್ಯಾಗ ಸ್ಟೀಲ್ ತಾಟು, ರಂಗೋಲಿ ಪುಡಿ ಇದ್ರ ನೀವೂ ಇಂಥಾದ್ದ ಮಾಡಬಹುದು, ತಾಟು ಸ್ಪೀಕರ್ ಮ್ಯಾಲೆ ಇಟ್ಟು ಸ್ವರ ಬದಲಿ ಮಾಡಿಕೋಂತ ಹೋಗ್ರಿ, ರಂಗೋಲಿ ತಾನ ಬೀಳತೈತಿ. ತಬಲಾಕ್ಕ ಸ್ವರ ಬಂತು ಅಂತಲೇ ವಿಲಂಬಿತದಾಗ, ಅಂದ್ರ ಸಾವಕಾಶ ಲಯದಾಗ, ಠೇಕಾ (ತಬಲಾದ ತಾಳದ ಬೋಲು) ಗಾಯಕನ ಷಡ್ಜದೊಳಗ ಬೆರತು ಕುಂಡ್ರತೈತಿ.

ಈಗ ಜಾಗಾದ ಮಾತು. ಹಾವೇರಿ ಕಡೆ ಒಂದು ಕಲ್ಯಾಣ ಮಂಟಪದಾಗ ಕಾರ್ಯಕ್ರಮ ಇತ್ತು, ನನಗ ಹಾಡಾಕ ಅರ್ಧಾ ತಾಸು ಕೊಟ್ಟಿದ್ರು. ನೆಲಕ್ಕ ಟೈಲ್ಸ್, ಗ್ವಾಡಿಗೂ ಟೈಲ್ಸ್, ಮ್ಯಾಲೆ ತಗಡು. ಮಂದಿ ಇನ್ನಾ ಊಟದ ಹಾಲಿನ್ಯಾಗ ಇದ್ರು, ನನ್ನ ಮುಂದ ಖಾಲಿ ಕುರ್ಚಿ. ನಾನು ದ್ರುತ್ ಬಂದಿಶ್, ಅಂದ್ರ ಲಗೂ ಲಯದ ಹಾಡು, ತಗದೆ, ತಾನ್ ಅನ್ನೂ ಸ್ವರದ ಓಟ ಹಾಕಿದೆ, ಒಂದು ಸ್ವರಾನೂ ಬಿಡಿಯಾಗಿ ಕೇಳಲಿಲ್ಲ, ಎಲ್ಲಾ ಕೂಡಿ ರಾಡಿ. ನನಗ ದುಃಖ ಬಂತು, ಯಾಕಂದ್ರ ಆ ತಾನಿಗೆ ತಿಂಗಳಾನಗಟ್ಲೆ ರಿಯಾಜ್ ಮಾಡಿದ್ದೆ. ಮನಿಗೆ ಬಂದು ಲೆಕ್ಕ ಹಾಕಿದೆ. 20 ಮೀಟರ್ ಉದ್ದ, 15 ಅಗಲ, 6 ಎತ್ತರ ಇದ್ರ 1800 ಘನ ಮೀಟರ್. ಖಾಲಿ ಇದ್ದಾಗ ಅಂಥಾ ಹಾಲಿನ್ಯಾಗ ದನಿ ಹೀರೂ ಜಾಗಾ ಅಂದಾಜು 100 ಚದರ ಮೀಟರ್ ಅಂತ ಹಿಡದ್ರ, ದನಿ ಸಾಯಾಕ ಸುಮಾರು 2.9 ಸೆಕೆಂಡು ಹಿಡೀತೈತಿ. ನಾನು ಸೆಕೆಂಡಿಗೆ ಎಂಟು ಸ್ವರ ಹಾಕಿದ್ರ ಇಪ್ಪತ್ತರ ಮ್ಯಾಲೆ ಸ್ವರ ಒಂದರ ಮ್ಯಾಲೆ ಒಂದು ಬಿದ್ದು ಹೊಳ್ಳಾಡತಾವ. ಅದ ಹಾಲಿನ್ಯಾಗ ಮುನ್ನೂರು ಮಂದಿ ಬಂದು ಕುಂತ್ರ, ಅವರ ಅರಿವಿ, ಮೈ ದನಿ ಹೀರತಾವ, 1.2 ಸೆಕೆಂಡಿಗೆ ಇಳೀತೈತಿ.

ಈ ಲೆಕ್ಕ ಕೊಟ್ಟಾಂವ ಅಮೆರಿಕಾದ ವ್ಯಾಲೇಸ್ ಸಬೀನ್. 1895ರಾಗ ಹಾರ್ವರ್ಡಿನ ಒಂದು ಲೆಕ್ಚರ್ ಹಾಲಿನ್ಯಾಗ ಮಾತು ತಿಳೀವಲ್ದು, ದನಿ ಐದೂವರಿ ಸೆಕೆಂಡು ತಿರಗತೈತಿ, ಸರಿ ಮಾಡು ಅಂತ ಅಂವಗ ಹೇಳಿದ್ರು. ರಾತ್ರಿ ಎಲ್ಲಾ ಶಾಂತ ಆದ ಮ್ಯಾಲೆ ಒಂದು ಆರ್ಗನ್ ಕೊಳವಿ, ಒಂದು ಸ್ಟಾಪ್‌ವಾಚ್ ಹಿಡದು, ಬಾಜೂ ಥೇಟರಿನ ಕುರ್ಚಿ ಮ್ಯಾಲಿನ ಗಾದಿ ಹೊತ್ತು ತಂದು ತಂದು ಹಾಸಿ, ಎಷ್ಟು ಗಾದಿಗೆ ಎಷ್ಟು ಸೆಕೆಂಡು ಕಡಿಮಿ ಆಗತೈತಿ ಅಂತ ಅಳದಾ. ಆ ಗಾದಿ ಹೊರೂ ಕೆಲಸದಿಂದ ಒಂದು ಶಾಸ್ತ್ರ ಹುಟ್ಟಿತು, 1900ರಾಗ ಬಾಸ್ಟನ್ ಸಿಂಫನಿ ಹಾಲ್ ಅದರ ಮ್ಯಾಲೆ ಕಟ್ಟಿದ್ರು.

ಜಾಗಾ ನೋಡಿ ಹಾಡು ಕಟ್ಟೂದು ಹಳೇ ರೂಢಿ. ದೊಡ್ಡ ಕಲ್ಲಿನ ಚರ್ಚಿನ್ಯಾಗ ಹುಟ್ಟಿದ ಹಾಡು ಸಾವಕಾಶ ಇರತಾವ, ಗುಮ್ಮಟ ದನಿ ಹಿಡಕೊಂಡ ಇರತೈತಿ. ಶಾಲಿ ಟ್ರಿಪ್ಪಿನ್ಯಾಗ ಗೋಳಗುಮ್ಮಟಕ್ಕ ಹೋಗಿ ಚಪ್ಪಾಳಿ ಹೊಡದವ್ರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಬಯಲಾಗ ನಡಿಯೂ ದೊಡ್ಡಾಟದಾಗ ದನಿ ತಿರಗಿ ಕೊಡೂ ಗ್ವಾಡೀನ ಇಲ್ಲ, ಅದಕ್ಕ ಏರುದನಿ, ಅದಕ್ಕ ಕರಡಿ ಮಜಲಿನ್ಯಾಗ ಸನಾದಿ ಅನ್ನೂ ಊದೂ ವಾದ್ಯ, ನಮ್ಮ ಕಿವಿ ಎರಡರಿಂದ ಐದು ಸಾವಿರದ ನಡುವಿನ ಕಂಪನಕ್ಕ ಭಾಳ ಚುರುಕು, ಸನಾದಿ ಅಲ್ಲೇ ಹೋಗಿ ಹೊಡೀತೈತಿ. ವಿಲಂಬಿತ ಖ್ಯಾಲ್ ಮಾತ್ರ ಬೈಠಕ್ಕಿನ ಕ್ವಾಣೀದು, ಜಮಖಾನಿ ಹಾಸಿದ, ಮಂದಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಂತ ಕ್ವಾಣೀದು.

ಹೊರಗಿನ ಎರಡು ಉದಾಹರಣಿ ಹೇಳಿ ಮುಂದ ಹೋಗತೇನಿ. ಫ್ರಾನ್ಸಿನ ಜೆರಾರ್ ಗ್ರಿಸೆ ಅನ್ನೂ ಸಂಯೋಜಕ 1975ರಾಗ ಟ್ರಾಂಬೋನ್ ವಾದ್ಯದ ಒಂದ ಒಂದು ಮಂದ್ರ ಸ್ವರ ತಗೊಂಡು, ಅದರೊಳಗ ಯಾವ್ಯಾವ ಹಾರ್ಮೋನಿಕ್ ಅದಾವ ಅಂತ ಯಂತ್ರದಿಂದ ನೋಡಿ, ಅವನ್ನ ಹದಿನೆಂಟು ವಾದಕರಿಗೆ ಹಂಚಿ ಒಂದು ಕೃತಿ ಮಾಡಿದ. ಒಂದು ಸ್ವರದ ಹೊಟ್ಟಿ ಸೀಳಿ ಅದರೊಳಗ ಹೊಕ್ಕು ಕುಂತಂಗ. ಇನ್ನೊಬ್ಬ ಜಾನ್ ಚೌನಿಂಗ್, ಸ್ಟ್ಯಾನ್‌ಫರ್ಡಿನ್ಯಾಗ 1967ರಾಗ ಕಂಪ್ಯೂಟರ್ ಮ್ಯಾಲೆ ಸ್ವರದ ಕಂಪ, ನಾವು ಆಂದೋಲನ ಅಂತೀವೆಲ್ಲಾ ಅಂಥಾದ್ದು, ಅದರ ವೇಗ ಏರಿಸಿಕೋಂತ ಹ್ವಾದ. ಒಂದು ಹದ ದಾಟಿದ ಮ್ಯಾಲೆ ಕಂಪ ಕೇಳೂದು ನಿಂತು ದನಿಯ ಬಣ್ಣಾನ ಬದಲಿ ಆತು, ಗಂಟಿ ಆತು, ಹಿತ್ತಾಳಿ ಆತು. ಅದ ವಿದ್ಯಾ 1983ರಾಗ ಯಮಾಹಾ ಡಿಎಕ್ಸ್7 ಕೀಬೋರ್ಡ್ ಆಗಿ ಬಂತು. ಇಬ್ಬರೂ ಮಾಡಿದ್ದು ಮದಲ ಕಿವಿಗೊಟ್ಟು ಕೇಳೂ ಕೆಲಸ.

ಒಬ್ಬ ತಮ್ಮ ಚೀಟಿ ಕಳಿಸ್ಯಾನ, ಮೊಬೈಲಿನ ತಂಬೂರಿ ಆ್ಯಪ್ ಮ್ಯಾಲೆ ರಿಯಾಜ್ ಮಾಡಿದ್ರ ನಡೀತೈತೇನ್ರೀ ಸರ ಅಂತ. ಚಲೋ ಪ್ರಶ್ನಿ. ಮೊಬೈಲಿನ ಸಣ್ಣ ಸ್ಪೀಕರ್‌ಗೆ 70 ಕಂಪನದ ಖರ್ಜ ಹೊಂಡಸೂ ತಾಕತ್ತಿಲ್ಲ. ಆದ್ರೂ ನಿಮಗ ಖರ್ಜ ಕೇಳತೈತಿ. ಹೆಂಗ? 350, 420, 490 ಕೇಳಿದ ಕಿವಿ, ಇವುಗಳ ನಡುವ 70 ಅಂತರ ಐತಿ, ಅಂದ್ರ ಬುಡದಾಗ 70 ಇರಬೇಕು ಅಂತ ತಾನ ತುಂಬಿಕೊಳ್ಳತೈತಿ. ಇಲ್ಲದ ಸ್ವರಾನ ತಲಿ ಹಾಡತೈತಿ! ಸ್ಟುಡಿಯೋದಾಗ ಕುಂತು ಶಾರ್ಟ್ ಫಿಲ್ಮಿಗೆ ಸಂಗೀತ ಮಾಡೂ ಹುಡುಗ್ರು ಇದನ್ನ ಬರಕೋರಿ, ನಿಮ್ಮ ಬೇಸ್ ಬರೇ ಶುದ್ಧ ಮಂದ್ರ ಇದ್ರ ಮೊಬೈಲಿನ್ಯಾಗ ಪೂರಾ ಮಾಯ ಆಗತೈತಿ, ಅದಕ್ಕ ಮ್ಯಾಲಿನ ಹಾರ್ಮೋನಿಕ್ ಸ್ವಲ್ಪ ಸೇರಿಸಿದ್ರ ಸಣ್ಣ ಸ್ಪೀಕರಿನ್ಯಾಗೂ ಉಳೀತೈತಿ.

ಹಂಗಾಗಿ ಆ್ಯಪ್ ಮ್ಯಾಲೆ ಷಡ್ಜ ಸಿಗತೈತಿ, ರಿಯಾಜ್ ನಡೀತೈತಿ, ತಂಬೂರಿ ತಗೋಳಾಕ ರೊಕ್ಕ ಇಲ್ಲ ಅಂತ ಯಾರೂ ಹಾಡೂದು ಬಿಡಬ್ಯಾಡ್ರಿ. ಆದ್ರ ಆ್ಯಪಿನೊಳಗ ಒಂದು ಸಿಗೂದಿಲ್ಲ, ಅದಕ್ಕ ನಾನು ಉಲ್ಟಾ ರಾಗದ ಮಾತು ಕಡೀಕ ಇಟ್ಟಿದ್ದೆ. ಮಾಲಕಂಸ ತಗೋರಿ. ಪಂಚಮ ಇಲ್ಲ, ಮದಲನೇ ತಂತಿ ಮಧ್ಯಮಕ್ಕ ಇಳಸತೀವಿ. ಮಾಲಕಂಸದ ಗಾಂಧಾರ ಕೋಮಲ, ಅಂದ್ರ ಶುದ್ಧಕ್ಕಿಂತ ಒಂದು ಮೆಟ್ಲ ಕೆಳಗಿನದು, ಸುಮಾರು 336, ಕೆಲವ್ರು ಇನ್ನೂ ಸ್ವಲ್ಪ ಇಳಿಸಿ ಹಚ್ಚತಾರ. ಖರ್ಜ ಮಾತ್ರ ತನ್ನ 350ರ ಶುದ್ಧ ಗಾಂಧಾರ ಹೇಳೂದು ಬಿಡೂದಿಲ್ಲ. ಸೆಕೆಂಡಿಗೆ ಹದಿನಾಕು ಸಲ ತಿಕ್ಕಾಟ. ಮಧ್ಯಮದ ತಂತೀನೂ ತನ್ನ ಐದನೇ ಹಾರ್ಮೋನಿಕ್ಕಿನ್ಯಾಗ ಶುದ್ಧ ಧೈವತ ಹಡೀತೈತಿ, ರಾಗಕ್ಕ ಬೇಕಾದ್ದು ಕೋಮಲ ಧೈವತ. ಅಂದ್ರ ಮಾಲಕಂಸದ ಎರಡೂ ಮುಖ್ಯ ಕೋಮಲ ಸ್ವರ ತಂಬೂರಿಯ ಮಾತಿಗೆ ಎದುರ ನಿಂತಾವ. ಆ ರಾಗದ ಭಾರ, ಮಧ್ಯರಾತ್ರ್ಯಾಗ ಕೇಳಿದ್ರ ಎದಿ ಮ್ಯಾಲೆ ಏನೋ ಇಟ್ಟಂಗ ಆಗತೈತೆಲ್ಲಾ, ಅದರಾಗ ಈ ತಿಕ್ಕಾಟದ ಪಾಲೂ ಐತಿ ಅಂತ ನಾನು ತಿಳಕೊಂಡೇನಿ. ಆದ್ರ ತಿಕ್ಕಾಟ ಎಷ್ಟಿರಬೇಕು ಅನ್ನೂದನ್ನ ಹಾಡಾವ್ರು ಆರಿಸಬೇಕು. ಆ್ಯಪಿನ್ಯಾಗ ಇನ್ನೊಬ್ಬರ ತಂಬೂರಿ, ಇನ್ನೊಬ್ಬರು ಇಟ್ಟ ಎಳಿ.

ಇಲ್ಲೆ ನೋಡ್ರಿ, ಖರ್ಜದ ಎಳಿ ಈಗ ಗಾಂಧಾರ ಅರಳೂ ಜಾಗಾದಾಗ ಐತಿ. ಉಗುರಿಲೆ ಹಿಂದ ಸರಸತೇನಿ, ಒಂದು ಅಕ್ಕಿಕಾಳಿನ ಅರ್ಧದಷ್ಟು. ಮೀಟತೇನಿ. ಗಾಂಧಾರ ಹಿಂದ ಸರೀತು, ಕೇಳಿಸ್ತಿಲ್ಲೋ? ಪೂರಾ ಹೋಗಿಲ್ಲ, ಬಾಗಲಾ ಅರ್ಧಾ ಹಾಕಿಧಂಗ ಆಗೈತಿ. ತಂಗಿ, ಆವಾಗ ಗಾಂಧಾರ ಹಿಡದಾಕಿ, ಮುಂದ ಬಾರವಾ, ಇಲ್ಲೆ ಕುಂಡ್ರು. ನಾನು ಪಂಚಮ ಮಧ್ಯಮಕ್ಕ ಇಳಸತೇನಿ, ನೀನು ಕೋಮಲ ಗಾಂಧಾರ ಹಚ್ಚು, ಅವಸರ ಮಾಡಬ್ಯಾಡ, ತಂಬೂರಿ ನಾಕು ಸುತ್ತು ತಿರಗಲಿ, ಆಮ್ಯಾಲೆ ಹಚ್ಚು.